ಮೂರು ಗಂಟೆ ಹತ್ತು ನಿಮಿಷದ ಜ್ವರ

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಸಾಹೇಬರ ಕೈ ಮಗ್ಗದ ಹಗ್ಗದ ಮೇಲೆ ನಿಂತುಬಿಟ್ಟಿತು. ಭಾದ್ರಪದದ ಒಂದು ಮಂಗಳವಾರ, ಊರು ಇಳಕಲ್ಲು. ಹೊತ್ತನ್ನು ಇಷ್ಟು ಖಚಿತವಾಗಿ ಹೇಳಲು ಕಾರಣವಿದೆ. ನಿಮಿಷಕ್ಕೆ ಲಾಳಿ ಎಷ್ಟು ಸಲ ಓಡಿತೆಂದು ಎಣಿಸುವುದಕ್ಕಾಗಿ ಅವರು ತಮ್ಮ ಕಿಸೆಗಡಿಯಾರವನ್ನು ಮಗ್ಗದ ಕಂಬಕ್ಕೆ ತೂಗುಹಾಕುತ್ತಿದ್ದರು. ಎಣಿಕೆಯನ್ನು ಬರೆದುಕೊಳ್ಳುವುದು ನನ್ನ ಕೆಲಸ. ಆ ದಿನದ ಕಾಗದದಲ್ಲಿ ಮೂರು ಗಂಟೆ ಹತ್ತು ನಿಮಿಷದ ಎದುರಿಗೆ ಏನೂ ಇಲ್ಲ. ನಾನು ತಲೆ ಎತ್ತಿ ನೋಡಿದೆ. ಬೆವರಿನಿಂದ ನನ್ನ ಅಂಗಿ ಬೆನ್ನಿಗೆ ಅಂಟಿಕೊಂಡಿದ್ದ ಆ ಸೆಖೆಯಲ್ಲಿ ಸಾಹೇಬರ ಹಲ್ಲುಗಳು ಕಟಕಟ ಬಡಿದುಕೊಳ್ಳುತ್ತಿದ್ದವು.

ಮುಂದಿನದನ್ನು ಹೇಳುವ ಮೊದಲು ಓದುಗರಿಗೆ ಒಂದು ಮಾತು ಒಪ್ಪಿಸಬೇಕು. ದೆವ್ವ, ದೃಷ್ಟಿ, ತಾಯತ ಇವುಗಳಲ್ಲಿ ನನಗೆ ನಂಬಿಕೆ ಇರಲಿಲ್ಲ. ಪುಣೆಯ ಕಾಲೇಜಿನಲ್ಲಿ ವಿಜ್ಞಾನ ಓದಿ ಬಂದವನು ನಾನು. ನಮ್ಮ ಮನೆಯಲ್ಲಿ ಯಾರಾದರೂ ಬೇವಿನ ಸೊಪ್ಪು ನಿವಾಳಿಸಿದರೆ ಎದ್ದು ಹೊರಗೆ ಹೋಗುತ್ತಿದ್ದೆ. ಈಗಲೂ ನಂಬಿಕೆ ಬಂದಿದೆ ಎಂದು ಹೇಳಲಾರೆ. ನಿಮ್ಮನ್ನು ಹೆದರಿಸುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ. ಸಿಟ್ಟು ಇಳಿಯದೆ ಇರುವುದರಿಂದ ಬರೆಯುತ್ತಿದ್ದೇನೆ. ಆ ಸಿಟ್ಟಿನಲ್ಲಿ ಒಂದು ಪಾಲು ನನ್ನ ಮೇಲೆಯೇ ಇದೆ.

ಆ ಕಾಲಕ್ಕೆ ಸರಕಾರದವರು ನೇಕಾರರಿಗೆ ಹೊಸ ಮಗ್ಗ ಕಲಿಸಲು ಹೊರಟಿದ್ದರು. ಕೈಯಿಂದ ಕೈಗೆ ಲಾಳಿ ಎಸೆಯುವ ಬದಲು ಹಗ್ಗ ಜಗ್ಗಿದರೆ ಲಾಳಿ ತಾನೇ ಆ ಕಡೆಯಿಂದ ಈ ಕಡೆಗೆ ಹಾರುವ ಮಗ್ಗ. ಅದನ್ನು ಕಲಿಸಲು ವಿಲಾಯತಿಯಿಂದ ಒಬ್ಬ ಸಾಹೇಬರನ್ನು ತರಿಸಿದ್ದರು. ಅವರ ಮಾತನ್ನು ನೇಕಾರರಿಗೂ ನೇಕಾರರ ಮಾತನ್ನು ಅವರಿಗೂ ತಿಳಿಸಲು ನನ್ನನ್ನು ನೇಮಿಸಿದರು. ಊರಿನವರು ಅವರಿಗೆ ಲಾಳಿ ಸಾಹೇಬರೆಂದು ಹೆಸರಿಟ್ಟಿದ್ದರು. ಕುದುರೆ ಏರಿ ಚಾಬೂಕು ಬೀಸುವ ಜಾತಿಯ ಸಾಹೇಬರಲ್ಲ ಅವರು. ಗಿರಣಿಗಳ ಊರಿನಲ್ಲಿ ನೇಕಾರನ ಮಗನಾಗಿ ಹುಟ್ಟಿ, ಹತ್ತನೆಯ ವಯಸ್ಸಿಗೆ ಗಿರಣಿ ಸೇರಿ, ಕೈಗುಣದಿಂದ ಮೇಲೆ ಬಂದವರು. ಇಳಕಲ್ಲಿನ ಸೀರೆಯ ಒಡಲಿಗೂ ಸೆರಗಿಗೂ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುವುದನ್ನು ಮೊದಲ ಸಲ ನೋಡಿದಾಗ ಅವರು ಟೋಪಿ ತೆಗೆದರು.

ಹೊರಡುವ ಮುಂಚೆ ಕಚೇರಿಯಲ್ಲಿ ನನಗೆ ಒಂದು ತಗಡಿನ ಪೆಟ್ಟಿಗೆ ಕೊಟ್ಟರು. ಅದರಲ್ಲಿ ಕ್ವಿನೈನ್ ಗುಳಿಗೆಗಳು, ಒಂದು ಸೊಳ್ಳೆಪರದೆ, ಮತ್ತು ಒಂದು ಛಾಪಿಸಿದ ಕಾಗದ. ಚಳಿಜ್ವರ ಸೊಳ್ಳೆಯಿಂದ ಬರುತ್ತದೆ, ನಿಂತ ನೀರಿನಲ್ಲಿ ಸೊಳ್ಳೆ ಹುಟ್ಟುತ್ತದೆ, ಈ ಸೀಮೆಯಲ್ಲಿ ವಾಸಿಸುವ ಯುರೋಪಿಯನ್ನರು ಪ್ರತಿದಿನ ಗುಳಿಗೆ ತೆಗೆದುಕೊಳ್ಳತಕ್ಕದ್ದು, ಪರದೆಯೊಳಗೆ ಮಲಗತಕ್ಕದ್ದು, ಮನೆಯ ಸುತ್ತ ನೀರು ನಿಂತಲ್ಲಿ ಸೀಮೆಎಣ್ಣೆ ಸುರಿಯತಕ್ಕದ್ದು. ದಿನವೂ ಗುಳಿಗೆ ತೆಗೆದುಕೊಂಡರೆಂದು ನಾನು ದಿನಚರಿಯಲ್ಲಿ ಬರೆದು ವಾರಕ್ಕೊಮ್ಮೆ ಕಳಿಸಬೇಕು. ಕಾಗದ ಒಳ್ಳೆಯದೇ. ಎಲ್ಲವನ್ನೂ ಓದಿ ಮುಗಿಸಿ, ನನಗೆ ಎಷ್ಟು ಗುಳಿಗೆ ಎಂದು ಗುಮಾಸ್ತರನ್ನು ಕೇಳಿದೆ.

“ಅದು ಸಾಹೇಬ್ರಿಗೆ ಅಷ್ಟ” ಎಂದರು ಅವರು. “ಪರದೇಶದ ರಕ್ತಕ್ಕ ನಮ್ಮ ಹವಾ ಆಗಿಬರೂದಿಲ್ಲ. ನಿಮಗ್ಯಾಕ ಬೇಕ್ರೀ? ನೀವು ಈ ಮಣ್ಣಾಗ ಹುಟ್ಟಿದವರು.”

“ಈ ಮಣ್ಣಾಗ ಹುಟ್ಟಿದವರಿಗೆ ಸೊಳ್ಳಿ ಕಡಿಯೂದಿಲ್ಲೇನ್ರೀ?”

“ಕಡಿತಾವ. ಆದರ ಕಾಗದದಾಗ ನಿಮ್ಮ ಹೆಸರಿಲ್ಲಲ್ಲ.”

ಅವರು ನಕ್ಕರು, ನಾನೂ ನಕ್ಕೆ. ಆ ನಗು ನೆನಪಾದರೆ ಈಗ ಮೈ ಉರಿಯುತ್ತದೆ.

ಇಳಕಲ್ಲಿನಲ್ಲಿ ನಾವು ಇಳಿದುಕೊಂಡದ್ದು ಈರಪ್ಪನೆಂಬ ನೇಕಾರನ ಮನೆಯ ಮುಂಭಾಗದಲ್ಲಿ. ಊರಿನ ಸರಕಾರಿ ಬಂಗಲೆ ಮಳೆಗೆ ಸೋರುತ್ತಿದ್ದುದರಿಂದ ಅಲ್ಲಿ ಇರುವಂತಿರಲಿಲ್ಲ. ಈರಪ್ಪ ಮೂವತ್ತೈದರ ಆಚೆ ಈಚೆಯವನು, ಕುಚೇಷ್ಟೆಯ ಮನುಷ್ಯ. ಹೆಂಡತಿ ತೀರಿಕೊಂಡು, ಅವನ ಎರಡು ಮಕ್ಕಳನ್ನು ತಾಯಿ ಗಂಗವ್ವ ಸಾಕುತ್ತಿದ್ದಳು. ಸಾಹೇಬರು ಮಲಗುವ ಕೋಣೆಯಲ್ಲೇ ಮಗ್ಗ ಹೂಡಿತ್ತು. ನಮ್ಮ ಕಡೆಯ ಮಗ್ಗಕ್ಕೆ ನೆಲದಲ್ಲಿ ಒಂದು ಕುಣಿ ತೋಡಿರುತ್ತಾರೆ; ನೇಕಾರ ಅದರ ಅಂಚಿನಲ್ಲಿ ಕುಳಿತು ಕಾಲು ಕೆಳಗೆ ಇಳಿಬಿಟ್ಟು ತುಳಿಯುತ್ತಾನೆ. ಬಿಸಿಲಿಗೆ ಎಳೆ ಒಣಗಿ ಹರಿಯಬಾರದೆಂದು ಕುಣಿಯ ಮೂಲೆಯಲ್ಲಿ ನೀರು ತುಂಬಿದ ಗಡಿಗೆಯೊಂದನ್ನು ಅರ್ಧ ಹೂತಿಡುವುದು ಆ ಮನೆಯ ಪದ್ಧತಿ. ಹೊಸ ಸೀರೆಯ ಹಾಸಿನ ಎಳೆಗಳನ್ನು ಮಗ್ಗಕ್ಕೆ ಏರಿಸಿದ ದಿನ ಗಂಗವ್ವ ಆ ಗಡಿಗೆಗೆ ಅರಿಶಿಣ ಹಚ್ಚಿ ನೀರು ತುಂಬುತ್ತಿದ್ದಳು. ಸೀರೆ ಮಗ್ಗದಿಂದ ಇಳಿಯುವವರೆಗೆ ಆ ನೀರನ್ನು ಚೆಲ್ಲಬಾರದು, ಕಡಿಮೆಯಾದರೆ ಮೇಲೆ ಸುರಿಯಬಹುದು ಅಷ್ಟೆ.

ಸಾಹೇಬರೂ ನಾನೂ ಮನೆಯ ಹಿಂದಿನ ಚರಂಡಿಗೆ ವಾರಕ್ಕೆರಡು ಸಲ ಸೀಮೆಎಣ್ಣೆ ಸುರಿದೆವು. ಅಂಗಳದ ಒಡಕು ಮಡಕೆಗಳನ್ನು ಹುಡುಕಿ ಹುಡುಕಿ ಕವುಚಿ ಹಾಕಿದೆವು. ದಿನಾ ಸಂಜೆ ದೀಪ ಹಚ್ಚುವವರೆಗೆ ಆ ಕುಣಿಯಲ್ಲೇ ಕಾಲು ಇಳಿಬಿಟ್ಟು ಕುಳಿತಿರುತ್ತಿದ್ದೆವು. ಆದರೆ ನಮ್ಮ ಕಾಲಬುಡದ ಗಡಿಗೆಯೊಳಗೆ ಒಂದು ದಿನವೂ ಬಗ್ಗಿ ನೋಡಲಿಲ್ಲ. ಕಾಗದದಲ್ಲಿ ‘ಮನೆಯ ಸುತ್ತ’ ಎಂದು ಬರೆದಿತ್ತು, ನಾವು ಸುತ್ತಲೇ ತಿರುಗಿದೆವು.

ಎರಡು ವಾರ ಸಾಹೇಬರು ಗುಳಿಗೆಯನ್ನು ತಪ್ಪದೆ ನುಂಗಿದರು. ಮೂರನೆಯ ವಾರ ಒಂದು ಬೆಳಿಗ್ಗೆ ಮಗ್ಗ ನಿಲ್ಲಿಸಿ ಕಿವಿಗೆ ಬೆರಳಿಟ್ಟುಕೊಂಡರು. “ನನ್ನ ಕಿವಿಯೊಳಗೆ ಒಂದು ಗಿರಣಿಯೇ ನಡೆಯುತ್ತಿದೆ. ಎಳೆ ಹರಿದ ಸದ್ದು ಕೇಳಿಸುತ್ತಿಲ್ಲ” ಎಂದರು. ಕ್ವಿನೈನ್ ತಿಂದವರಿಗೆ ಕಿವಿ ಗುಂಯ್ಗುಡುವುದು ನನಗೆ ಗೊತ್ತಿತ್ತು. ಬೇರೆ ಯಾವ ಕೆಲಸದವರಾಗಿದ್ದರೂ ಸಹಿಸಿಕೊಂಡು ಸುಮ್ಮನಾಗುತ್ತಿದ್ದರೇನೋ. ನಾನು ಈ ಮಾತನ್ನು ಈರಪ್ಪನಿಗೆ ಹೇಳಿದಾಗ ಅವನು ನಗಲಿಲ್ಲ.

“ಸಾಹೇಬ್ರು ಹೇಳೂದು ಖರೆ ಐತ್ರೀ ರಾಯರ. ಕಣ್ಣು ಮಂದಾದ ನೇಕಾರ ಹೆಂಗರ ನೇಯ್ತಾನ. ಕಿವಿ ಹೋದಾಂವ ನೇಯೂದಿಲ್ಲ. ಎಳಿ ಹರದದ್ದು ಮೊದಲ ಕಿವಿಗೆ ಗೊತ್ತಾಕ್ಕೈತಿ, ಆಮ್ಯಾಲ ಕಣ್ಣಿಗೆ.”

ಅಂದಿನಿಂದ ಗುಳಿಗೆ ನಿಂತಿತು. ಮೈ ಗಟ್ಟಿಯಾಗಿತ್ತು, ಪರದೆ ಇತ್ತು, ಚರಂಡಿಗೆ ಎಣ್ಣೆ ಇತ್ತು. ದಿನಚರಿಯಲ್ಲಿ ಏನು ಬರೆಯಲಿ ಎಂದು ಕೇಳಿದೆ. ಮೇಲಿನವರಿಗೆ ವಿವರಣೆ ಕೊಡುವ ಬೇಸರಕ್ಕೆ ಸಾಹೇಬರು ಏನಾದರೂ ಬರೆ ಎಂಬಂತೆ ಕೈಯಾಡಿಸಿದರು. ನಾನು ದಿನವೂ ‘ತೆಗೆದುಕೊಂಡರು’ ಎಂದೇ ಬರೆದೆ. ಅಕ್ಷರ ಸುಂದರವಾಗಿಯೇ ಬರೆದೆ.

ಮಂಗಳವಾರದ ಜ್ವರ ಅದಾದ ಐದನೆಯ ವಾರಕ್ಕೆ ಬಂತು. ಮೊದಲು ಚಳಿ, ಆಮೇಲೆ ಕೈ ಇಡಲಾಗದ ಕಾವು, ಆಮೇಲೆ ಹಾಸಿಗೆ ತೊಯ್ಯುವ ಬೆವರು. ದೀಪ ಹಚ್ಚುವ ಹೊತ್ತಿಗೆ ಇಳಿದುಹೋಯಿತು. ಸಂಜೆಯೇ ನಾನು ಕಚೇರಿಗೆ ಪತ್ರ ಬರೆದೆ. ದೊಡ್ಡ ಡಾಕ್ಟರರನ್ನು ಕಳಿಸಬೇಕೆಂದು ಬೇಡಿಕೊಂಡೆ. ಬುಧವಾರ ಸಾಹೇಬರು ಎದ್ದು ಕೂತು ಗಂಜಿ ಕುಡಿದರು. ಗುರುವಾರ ಮೂರು ಗಂಟೆ ಹತ್ತು ನಿಮಿಷಕ್ಕೆ ಮತ್ತೆ ಬಂತು. ಶನಿವಾರ ಅದೇ ನಿಮಿಷಕ್ಕೆ. ಗುಳಿಗೆ ಕೊಟ್ಟರೆ ವಾಂತಿ. ಸೋಮವಾರ ಹುನಗುಂದದ ದವಾಖಾನೆಯ ಡಾಕ್ಟರರು ಚಕ್ಕಡಿಯಲ್ಲಿ ಬಂದರು. ಕಂಬಕ್ಕೆ ತೂಗಿದ್ದ ಗಡಿಯಾರವನ್ನು ಅವರೂ ನೋಡಿದರು, ಸಾಹೇಬರ ತುಟಿ ನೀಲಿಯಾಗುವುದನ್ನೂ ನೋಡಿದರು. ಹೊರಗೆ ಬಂದು ನನ್ನನ್ನು ಬದಿಗೆ ಕರೆದರು.

“ಇಂಥಾವು ಇನ್ನ ಎರಡು ಬಂದ್ರ ಎದಿ ತಡಿಯೂದಿಲ್ಲ. ಹೊಟ್ಟ್ಯಾಗ ಔಷಧ ನಿಲ್ಲವಲ್ದು, ಸೂಜಿ ಹಾಕಬೇಕು. ಸೂಜಿಯ ಔಷಧ ಬಾಗಲಕೋಟಿಂದ ತರಬೇಕು. ಹಳ್ಳ ತುಂಬಿ ಹರದಾವ; ಶನಿವಾರದೊಳಗ ಬಂದ್ರ ನಮ್ಮ ಪುಣ್ಯಾ.”

ಬೆರಳು ಮಡಿಚಿ ನೋಡಿದೆ. ಶನಿವಾರಕ್ಕಿಂತ ಮುಂಚೆ ಬುಧವಾರವಿತ್ತು, ಶುಕ್ರವಾರವಿತ್ತು.

ಬುಧವಾರ ಸಾಹೇಬರಿಗೆ ಮೈಮೇಲೆ ಪ್ರಜ್ಞೆ ಇರಲಿಲ್ಲ. ತಮ್ಮ ಊರಿನ ಯಾವುದೋ ಒರಟು ಇಂಗ್ಲಿಷಿನಲ್ಲಿ ಬಡಬಡಿಸಿದರು. ಕಾಲೇಜಿನ ಇಂಗ್ಲಿಷು ಕಲಿತ ನನಗೆ ಅದರಲ್ಲಿ ಒಂದು ಮಾತೂ ತಿಳಿಯಲಿಲ್ಲ. ಗುರುವಾರ ಕಚೇರಿಯ ಉತ್ತರ ಬಂತು. ಅದರ ಸಾರಾಂಶ ಇಷ್ಟು: ತಾವು ಕಳಿಸಿದ ದಿನಚರಿಯ ಪ್ರಕಾರ ಸಾಹೇಬರು ಕ್ವಿನೈನನ್ನು ಒಂದು ದಿನವೂ ತಪ್ಪಿಸಿಲ್ಲ; ಆದ್ದರಿಂದ ಇದು ಚಳಿಜ್ವರವಾಗಿರಲಾರದು, ಬಿಸಿಲಿನ ಹೊಡೆತವಿರಬಹುದು; ಡಾಕ್ಟರರನ್ನು ಕಳಿಸುವ ಅಗತ್ಯ ಕಾಣುವುದಿಲ್ಲ.

ನಾನು ಅದನ್ನು ಮೂರು ಸಲ ಓದಿದೆ. ನನ್ನ ಸುಂದರ ಅಕ್ಷರಗಳೇ ಮುದ್ರೆ ಹಾಕಿಕೊಂಡು ನನ್ನ ಬಳಿಗೆ ತಿರುಗಿ ಬಂದಿದ್ದವು. ಆ ಮನುಷ್ಯ ಸತ್ತರೆ ಕೊಂದವರಲ್ಲಿ ನಾನೂ ಒಬ್ಬ.

ಆ ದಿನವೇ ಗಂಗವ್ವ ಬಾಗಿಲಲ್ಲಿ ನಿಂತು ತನ್ನ ಉಪಾಯ ಹೇಳಿದಳು. “ತಮ್ಮಾ, ಇದು ಪಾಳಿ ಜ್ವರ. ದಿನಾ ಬಿಟ್ಟು ದಿನಾ ಹೊತ್ತಿಗೆ ಸರಿಯಾಗಿ ಬರತೈತಿ, ಯಾಕಂದ್ರ ಅದಕ್ಕ ಮನಿ ಗುರ್ತು ಹತ್ತೈತಿ. ಅದು ಬರೂ ಹೊತ್ತಿಗೆ ಸಾಹೇಬ್ರು ಇಲ್ಲಿ ಇರಬಾರದು. ಹಾಸಿಗಿ ಮ್ಯಾಲ ಒನಕಿ ಮಲಗಸೂಣು. ಜ್ವರ ಬಂದು ಒನಕಿ ಹಿಡೀಲಿ. ಒಂದ ಸಲ ಪಾಳಿ ತಪ್ಪಿತಂದ್ರ ಅದಕ್ಕ ಹಾದಿ ಮರತು ಹೊಕ್ಕೈತಿ.”

ಒನಕೆಯ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಆದರೆ ಸಾಹೇಬರನ್ನು ಬೇರೆಡೆಗೆ ಸಾಗಿಸುವುದಕ್ಕೆ ಅಡ್ಡಿ ಮಾಡಲೂ ಇಲ್ಲ. ಆ ಕೋಣೆಯಲ್ಲಿ ಹವೆ ಇರಲಿಲ್ಲ. ಓಣಿಯ ಆ ತುದಿಯ ದಿಬ್ಬದ ಮೇಲೆ ನೂಲಿಗೆ ಬಣ್ಣ ಹಾಕುವ ಮೌಲಾಸಾಬನ ಮನೆಯಿತ್ತು; ಗಾಳಿ ಬೀಸುವ ಕಟ್ಟೆ ಇತ್ತು. ಗುರುವಾರ ಸಂಜೆ ನಾಲ್ಕು ಜನ ಸಾಹೇಬರನ್ನು ಕಂಬಳಿಯಲ್ಲಿ ಮಲಗಿಸಿ ಎತ್ತಿಕೊಂಡು ಅಲ್ಲಿಗೆ ಒಯ್ದರು. ಮೌಲಾಸಾಬನ ಹೆಂಡತಿ ಗುಳಿಗೆಯನ್ನು ಪುಡಿ ಮಾಡಿ, ಅಮೀನಗಡದ ಕರದಂಟಿನ ತುಣುಕಿನೊಳಗೆ ಹುದುಗಿಸಿ ಕೊಟ್ಟಳು. “ಮಕ್ಕಳಿಗೆ ಕಹಿ ಔಷಧ ಹಿಂಗ ತಿನಸ್ತೀವ್ರಿ” ಎಂದಳು. ಅದು ಹೊಟ್ಟೆಯಲ್ಲಿ ನಿಂತಿತು. ಇದನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಚ್ಚಿಟ್ಟು ಕತೆಯನ್ನು ದೊಡ್ಡದು ಮಾಡುವ ಆಸೆ ನನಗಿಲ್ಲ.

ಶುಕ್ರವಾರ ಮಧ್ಯಾಹ್ನ ಗಡಿಯಾರ ತರಲು ನಾನು ಈರಪ್ಪನ ಮನೆಗೆ ಬಂದೆ. ಪರದೆಯೊಳಗೆ ಸಾಹೇಬರ ಹಾಸಿಗೆಯ ಮೇಲೆ ಕೌದಿ ಹೊದ್ದು ಒನಕೆ ಮಲಗಿತ್ತು. ತಲೆಯ ಕಡೆಗೆ ಸಾಹೇಬರ ಬಿಸಿಲುಟೋಪಿ, ಕಾಲ ಕಡೆಗೆ ಅವರ ಬೂಟು. ಈರಪ್ಪ ಬಾಗಿಲಿಗೆ ಒರಗಿ ನಿಂತಿದ್ದ.

“ಹೊಸಾ ಸಾಹೇಬ್ರಿಗೆ ನಮಸ್ಕಾರ ಮಾಡ್ರಿ ರಾಯರ” ಎಂದ. “ಹಳಬರಿಗಿಂತ ಭಾಳ ಸಮಾಧಾನದವರು. ಗುಳಿಗಿ ಬ್ಯಾಡಂತ ಹಟ ಮಾಡೂದಿಲ್ಲ.”

“ಸುಮ್ಮನಿರೋ, ಚ್ಯಾಷ್ಟಿ ಹೊತ್ತಲ್ಲ ಇದು” ಎಂದು ಗಂಗವ್ವ ಗದರಿದಳು.

ಹಿಂದಿನ ದಿನದಿಂದ ಒಳಗೇ ಕೂತಿದ್ದ ಸಿಟ್ಟು ಆ ಕ್ಷಣ ಹೊರಬಿತ್ತು. ಕಚೇರಿಯವರ ಮೇಲೆ ಹೋಗಬೇಕಾದದ್ದು ಆ ಮುದುಕಿಯ ಮೇಲೆ ಹೋಯಿತು. ಒಂದು ಜೀವ ಹೋಗುವ ಹೊತ್ತಿನಲ್ಲಿ ಇದೇನು ಬೊಂಬೆಯಾಟವೆಂದು ಕೂಗಾಡಿದೆ. ಕೌದಿ ಎತ್ತಿ ಒನಕೆಯನ್ನು ಅಂಗಳಕ್ಕೆ ಎಸೆದೆ. “ನಾನ ಇಲ್ಲಿ ಮಲಗ್ತೇನಿ ಆಯಿ. ಬರಲಿ ನಿನ್ನ ಜ್ವರ, ಗುರ್ತು ಮಾಡಿ ಕೊಡು” ಎಂದೆ.

ಗಂಗವ್ವ ನನ್ನ ಕೈ ಹಿಡಿದಳು. ಅವಳು ನನ್ನನ್ನು ಮುಟ್ಟಿದ್ದು ಅದೇ ಮೊದಲು. “ಬ್ಯಾಡ ನನ್ನಪ್ಪ. ಒನಕಿಗೆ ತಾಯಿ ಇರೂದಿಲ್ಲ. ನಿನಗ ಅದಾಳ.”

ನಾನು ಕೈ ಬಿಡಿಸಿಕೊಂಡು ಮಲಗಿದೆ. ಹಗಲು, ಬಾಗಿಲು ತೆರೆದಿತ್ತು, ಬಿಸಿಲು ಮಗ್ಗದ ಅರ್ಧ ನೇಯ್ದ ಸೀರೆಯ ಮೇಲೆ ಬಿದ್ದಿತ್ತು. ನನಗೆ ಅಂದು ತಲೆನೋವಾಗಲಿ ಮೈಕೈ ನೋವಾಗಲಿ ಇರಲಿಲ್ಲ. ಗಡಿಯಾರ ನನ್ನ ಅಂಗೈಯಲ್ಲಿತ್ತು. ಮೂರು ಗಂಟೆ ಒಂಬತ್ತು ನಿಮಿಷಕ್ಕೆ, “ಇನ್ನೊಂದ ನಿಮಿಷ, ಆಯಿ” ಎಂದು ಕೂಗಿ ಹೇಳಿದೆ.

ಮುಳ್ಳು ಹತ್ತರ ಮೇಲೆ ಬಂದಾಗ ಅಂಗಾಲಿನಿಂದ ಚಳಿ ಏರಿತು. ಬರೀ ಭ್ರಮೆ ಎಂದುಕೊಂಡೆ. ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು. ಗಡಿಯಾರ ಕೈಯಿಂದ ಜಾರಿ ಬಿತ್ತು. ಹಲ್ಲು ಕಚ್ಚಿ ಹಿಡಿದರೂ ದವಡೆ ನಿಲ್ಲಲಿಲ್ಲ. ಹೊರಸಿನ ಕಾಲು ನೆಲಕ್ಕೆ ಬಡಿಯುವ ಸದ್ದು ನನಗೇ ಕೇಳಿಸುತ್ತಿತ್ತು. ಗಂಗವ್ವ ಓಡಿಬಂದು ಮನೆಯಲ್ಲಿದ್ದ ಕೌದಿಗಳನ್ನೆಲ್ಲ ನನ್ನ ಮೇಲೆ ಹಾಕಿ, ಅವುಗಳ ಮೇಲೆ ತಾನೇ ಒರಗಿ ಒತ್ತಿ ಹಿಡಿದಳು.

ಆಗ ಸದ್ದು ಕೇಳಿಸಿತು. ಮರದ ಹಾವುಗೆ ಮೆಟ್ಟಿ ಕಲ್ಲಿನ ಮೇಲೆ ನಡೆಯುವ ಸದ್ದು. ಒಬ್ಬರದಲ್ಲ, ಸಾವಿರ ಮಂದಿ ಸ್ವಾಮಿಗಳು ಒಟ್ಟಿಗೆ ಹಾವುಗೆ ಮೆಟ್ಟಿ ಒಂದೇ ದಿಕ್ಕಿಗೆ ನಡೆದ ಹಾಗೆ. ಕಣ್ಣು ಮುಚ್ಚಿದರೆ ಒದ್ದೆಯಾದ ಕಲ್ಲುಹಾಸಿನ ಇಳಿಜಾರು ಓಣಿ, ಎರಡೂ ಕಡೆ ಒಂದಕ್ಕೊಂದು ಅಂಟಿಕೊಂಡ ಇಟ್ಟಿಗೆಯ ಮನೆಗಳು, ಇನ್ನೂ ಬೆಳಕಾಗದ ಬೆಳಗು. ತಲೆಗೆ ಶಾಲು ಹೊದ್ದ ಹೆಂಗಸರು ಬಾಗಿಲಿನಿಂದ ಹೊರಗೆ ಬಂದು ಆ ನಡಿಗೆಯಲ್ಲಿ ಸೇರಿಕೊಳ್ಳುತ್ತಿದ್ದರು. ಒಬ್ಬಳು ತಿರುಗಿ ನನ್ನನ್ನು ಬಾ ಎಂದು ಕರೆದಳು. ನಾನು ಹೋಗಬೇಕೆಂದೇ ಇದ್ದೆ. ಎದೆಯ ಮೇಲಿನ ಭಾರ ಬಿಡಲಿಲ್ಲ.

ಅದು ಗಂಗವ್ವನ ಭಾರ. ಆರು ಗಂಟೆಗೆ ಬೆವರು ಬಿಟ್ಟು ನಾನು ಕಣ್ಣು ತೆರೆದಾಗ ಅವಳು ಹಾಗೆಯೇ ಒರಗಿಕೊಂಡಿದ್ದಳು.

ಈರಪ್ಪನ ಹೆಗಲು ಹಿಡಿದು ದಿಬ್ಬ ಹತ್ತಿದೆ. ಸಾಹೇಬರು ಕಟ್ಟೆಯ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಮೌಲಾಸಾಬ ಎದ್ದು ಬಂದು, “ನೆರಳು ಬಣ್ಣದ ಹಂಡೇದ ಆಚಿಕ್ಕ ಹೋತ್ರಿ ರಾಯರ, ಮೂರರ ಹೊತ್ತು ದಾಟಿತು, ಜ್ವರ ಬರಲಿಲ್ಲ” ಎಂದ. ಆಮೇಲೆ ನನ್ನ ಮುಖ ನೋಡಿ ಕೂರಲು ಜಾಗ ಮಾಡಿಕೊಟ್ಟ.

ನಾನು ಸಾಹೇಬರಿಗೆ ನಡೆದದ್ದನ್ನು ಹೇಳಿದೆ. ಜ್ವರದ ಮಾತು ಹೇಳುವಾಗ ಅವರು ಕನಿಕರದಿಂದ ಕೇಳುತ್ತಿದ್ದರು. ಸದ್ದಿನ ಮಾತಿಗೆ ಬಂದಾಗ ನೆಟ್ಟಗೆ ಕೂತರು. ಈರಪ್ಪನ ಕಡೆ ಕೈ ಚಾಚಿ ಲಾಳಿ ಬೇಕೆಂದು ಸನ್ನೆ ಮಾಡಿದರು. ಅವನು ಎರಡು ಲಾಳಿ ತಂದುಕೊಟ್ಟ. ಸಾಹೇಬರು ಅವನ್ನು ಕೈಗೊಂದರಂತೆ ಹಿಡಿದು ಕಟ್ಟೆಯ ಕಲ್ಲಿನ ಮೇಲೆ ಒಂದಾದ ಮೇಲೊಂದು ಬಡಿದರು. ಮೊದಲು ಮೆಲ್ಲಗೆ, ಆಮೇಲೆ ಬೇಗ ಬೇಗ.

“ಇದೇ ಸದ್ದೇ?”

ಅದೇ ಸದ್ದು. ನಾನು ತಲೆಯಾಡಿಸಿದೆ.

ತಮ್ಮ ಊರಿನಲ್ಲಿ ಗಿರಣಿಯವರು ಮರದ ಅಟ್ಟೆಯ ಜೋಡು ಮೆಟ್ಟುತ್ತಾರೆಂದೂ, ಬೆಳಗಿನ ಜಾವ ಓಣಿಯೆಲ್ಲ ಆ ಸದ್ದಿನಿಂದಲೇ ಏಳುತ್ತದೆಂದೂ ಅವರು ಹೇಳಿದರು. ಪ್ರತಿ ಸಲ ಚಳಿ ಹತ್ತಿದಾಗ ತಾವು ಆ ಓಣಿಯಲ್ಲೇ ಇರುತ್ತಿದ್ದರಂತೆ. ಸತ್ತು ಹನ್ನೆರಡು ವರ್ಷವಾದ ಅವರ ತಾಯಿ ತಿರುಗಿ ನಿಂತು ಕರೆಯುತ್ತಿದ್ದಳಂತೆ. “ಇದನ್ನು ನಾನು ನಿನಗೆ ಹೇಳಿಲ್ಲ. ಯಾರಿಗೂ ಹೇಳಿಲ್ಲ” ಎಂದರು. ಅವರ ಬಡಬಡಿಕೆಯಿಂದ ನನ್ನ ಕಿವಿಗೆ ಬಿದ್ದಿರಬಹುದೇ? ಬಿದ್ದಿರಬಹುದು. ತಿಳಿಯದ ಮಾತು ಕಿವಿಯಲ್ಲಿ ಉಳಿದು ಜ್ವರದಲ್ಲಿ ತಿಳಿಯುವಂತಾಗುತ್ತದೆಯೇ? ಬಲ್ಲವರು ಹೇಳಬೇಕು.

ಶನಿವಾರ ಮಧ್ಯಾಹ್ನ ಡಾಕ್ಟರರು ಬಂದರು. ಹಳ್ಳ ದಾಟುವಾಗ ಎದೆಮಟ್ಟ ನೆನೆದಿದ್ದರು, ಔಷಧದ ಡಬ್ಬಿಯನ್ನು ಮಾತ್ರ ತಲೆಯ ಮೇಲೆ ಹೊತ್ತು ತಂದಿದ್ದರು. ಸಾಹೇಬರಿಗೆ ಸೂಜಿ ಹಾಕಿದ ಮೇಲೆ ನನ್ನ ಕತೆ ಕೇಳಿದರು. ಅವರಿಗೆ ಅದರಲ್ಲಿ ಏನೂ ವಿಚಿತ್ರ ಕಾಣಲಿಲ್ಲ. ಕರದಂಟಿನ ಗುಳಿಗೆ ಸಾಹೇಬರ ಪಾಳಿ ತಪ್ಪಿಸಿತು; ಗುಳಿಗೆಯನ್ನೇ ಕಾಣದ ನನ್ನ ರಕ್ತದಲ್ಲಿ ಜ್ವರ ಮೊದಲೇ ಇತ್ತು, ಅಂದು ಹೊರಬಿತ್ತು. “ಒಂದ ಕಡೇಲಿನ ಸೊಳ್ಳಿ ಇಬ್ಬರನ್ನೂ ಕಡದಾವ, ಪಾಳಿನೂ ಕೂಡ್ಯಾವ. ಎಲ್ಲಿ ಕೂಡ್ತಿದ್ರಿ ಇಬ್ಬರೂ?” ಎಂದರು.

ಕುಣಿ ತೋರಿಸಿದೆ. ಅವರು ಬಗ್ಗಿ ಗಡಿಗೆಯೊಳಗೆ ದೀಪ ಹಿಡಿದರು. ನೀರಿನ ತುಂಬ ದಾರದ ತುಣುಕುಗಳಂತಹ ಹುಳುಗಳು ಕುಣಿಯುತ್ತಿದ್ದವು.

“ಒಂದು ಸೀರಿ ಇಳಿಯಾಕ ಎಷ್ಟ ದಿನಾ ಹಿಡಿತದಪಾ?” ಎಂದು ಈರಪ್ಪನನ್ನು ಕೇಳಿದರು.

“ಎಂಟ್ಹತ್ತು ದಿನಾ ಬೇಕ್ರಿ.”

“ಸೊಳ್ಳಿಗೂ ಅಷ್ಟ ಸಾಕು.”

ಈರಪ್ಪ ಅರ್ಧ ನೇಯ್ದ ಸೀರೆಯನ್ನೊಮ್ಮೆ ನೋಡಿದ, ತಾಯಿಯನ್ನೊಮ್ಮೆ ನೋಡಿದ. ಆಮೇಲೆ ಗಡಿಗೆ ಕಿತ್ತು ಅಂಗಳದ ಬಿಸಿಲಿಗೆ ನೀರು ಚೆಲ್ಲಿದ. ಗಂಗವ್ವ ಒಳಗೆ ಹೋದಳು.

ಅಂಗಳದಲ್ಲಿ ನೋಡುತ್ತ ನಿಂತಿದ್ದ ಅವಳ ಮೊಮ್ಮಕ್ಕಳನ್ನೂ ಓಣಿಯ ಇನ್ನು ನಾಲ್ಕಾರು ಮಕ್ಕಳನ್ನೂ ಡಾಕ್ಟರರು ಹತ್ತಿರ ಕರೆದು ಎಡಪಕ್ಕೆಯ ಕೆಳಗೆ ಕೈಯಾಡಿಸಿದರು. ಒಂದು ಮಗುವನ್ನೂ ಬಿಡದೆ ಎಲ್ಲರಿಗೂ ಜ್ವರಗಡ್ಡೆ, ಚಳಿಜ್ವರ ಮತ್ತೆ ಮತ್ತೆ ಬಂದು ಊದಿದ ಗುಲ್ಮ. ನನ್ನ ಕೈ ಹಿಡಿದು ಮುಟ್ಟಿಸಿದರು. ಅಂಗಿಯ ಕೆಳಗೆ ಕಲ್ಲಿನಂತೆ ಹತ್ತುತ್ತಿತ್ತು. ಎರಡು ತಿಂಗಳಿಂದ ಆ ಮಕ್ಕಳನ್ನು ನೋಡುತ್ತಿದ್ದೆ. ಹೊಟ್ಟೆಬಾಕರೆಂದು ಚೇಷ್ಟೆ ಮಾಡಿದ್ದೆ.

“ಈ ಓಣಿ ಹುಡುಗರ ಹೊಟ್ಟಿ ಇರೂದ ಹಂಗ್ರಿ” ಎಂದು ಗಂಗವ್ವ ಒಳಗಿನಿಂದಲೇ ಹೇಳಿದಳು. “ದೊಡ್ಡವರಾದ ಮ್ಯಾಲ ಇಳೀತೈತಿ.”

“ಉಳದವರದ್ದು” ಎಂದ ಈರಪ್ಪ. ಅವನ ಮಾತಿನಲ್ಲಿ ಆಗ ಕುಚೇಷ್ಟೆ ಇರಲಿಲ್ಲ.

ಪರದೇಶದ ರಕ್ತಕ್ಕೆ ಈ ಹವೆ ಆಗಿಬರುವುದಿಲ್ಲವೆಂದು ಪೆಟ್ಟಿಗೆ ಕೊಟ್ಟರು, ಪರದೆ ಕೊಟ್ಟರು, ಕಾಗದ ಛಾಪಿಸಿದರು. ಕೊಟ್ಟದ್ದು ತಪ್ಪಲ್ಲ, ಅದು ಬೇಕಾಗಿತ್ತು, ನಾವು ಕೆಡಿಸಿಕೊಂಡೆವು. ಆದರೆ ಇಲ್ಲಿಯ ರಕ್ತಕ್ಕೆ ಆ ಹವೆ ಯಾವಾಗ ಆಗಿಬಂದಿತ್ತು? ಹುಟ್ಟಿದ ಊರಿನಲ್ಲಿ ಹೊಟ್ಟೆಯೊಳಗೆ ಕಲ್ಲು ಹೊತ್ತು ಬೆಳೆಯುವುದನ್ನು ರೂಢಿ ಎಂದು ಕರೆದರೆ ರೋಗ ಎಂಬ ಮಾತು ಯಾರಿಗಾಗಿ ಇದೆ? ಗುಮಾಸ್ತರ ಜೊತೆ ನಕ್ಕಿದ್ದ ನನಗೆ ಇದನ್ನು ಕೇಳುವ ಹಕ್ಕು ಎಷ್ಟಿದೆಯೋ ಗೊತ್ತಿಲ್ಲ. ಕೇಳದೆ ಇರಲೂ ಆಗುವುದಿಲ್ಲ.

ಅದನ್ನೇ ಆ ಸಂಜೆ ಕೂತು ಕಚೇರಿಗೆ ಬರೆದೆ. ದಿನಚರಿಯ ನನ್ನ ಪ್ರತಿಯಲ್ಲಿ ಸುಳ್ಳು ಬರೆದ ಒಂದೊಂದು ದಿನದ ‘ತೆಗೆದುಕೊಂಡರು’ ಎಂಬುದನ್ನು ಹೊಡೆದುಹಾಕಿ ‘ಇಲ್ಲ’ ಎಂದು ತಿದ್ದಿ, ಅದನ್ನೂ ಜೊತೆಗಿಟ್ಟೆ. ಅದಕ್ಕೆ ಉತ್ತರ ಬಂದದ್ದು ಎಷ್ಟೋ ದಿನಗಳ ಮೇಲೆ. ಸುಳ್ಳು ಬರೆದದ್ದಕ್ಕಾಗಿ ನನ್ನನ್ನು ಕೆಲಸದಿಂದ ತೆಗೆದಿದ್ದರು; ಅದು ನ್ಯಾಯವೇ. ಓಣಿಯವರಿಗೂ ಗುಳಿಗೆ ಕೊಡಬೇಕೆಂಬ ನನ್ನ ಅರಿಕೆಗೆ ನಿಯಮದಲ್ಲಿ ಅವಕಾಶವಿಲ್ಲವೆಂದು ಒಂದೇ ಸಾಲು ಬರೆದಿದ್ದರು. ಆ ಪತ್ರ ಇನ್ನೂ ನನ್ನ ಹತ್ತಿರ ಇದೆ. ಸಾಹೇಬರು ಊರಿಗೆ ಹಿಂದಿರುಗುವಾಗ ಪರದೆಯನ್ನು ಗಂಗವ್ವನಿಗೆ ಕೊಟ್ಟುಹೋದರು. ಅವಳು ಅದನ್ನು ಬಹಳ ದಿನ ಮಗ್ಗದ ಮೇಲೆ ಕಟ್ಟಿ ರೇಷ್ಮೆಗೆ ನುಸಿ ಹತ್ತದಂತೆ ಕಾಪಾಡಿದಳಂತೆ. ನನಗೆ ನಗು ಬಂತು, ಸಿಟ್ಟೂ ಬಂತು.

ಇನ್ನು ಉಳಿದದ್ದು ರವಿವಾರದ ಮಾತು. ಡಾಕ್ಟರರ ಲೆಕ್ಕದಲ್ಲಿ ಅಂದು ಮಧ್ಯಾಹ್ನ ನನಗೆ ಎರಡನೆಯ ಪಾಳಿ ಬರಬೇಕು. ವಾಂತಿಯಲ್ಲಿ ಹಾಳಾಗಿ ಪೆಟ್ಟಿಗೆಯಲ್ಲಿ ಉಳಿದ ಗುಳಿಗೆ ಸಾಹೇಬರಿಗೇ ಸಾಲದೆಂದು ನಾನು ಮುಟ್ಟಿರಲಿಲ್ಲ. ಡಾಕ್ಟರರು ಹುನಗುಂದದಿಂದ ಕಳಿಸುವೆನೆಂದಿದ್ದರು. ಊಟವಾದ ಮೇಲೆ ಅವರ ಚಕ್ಕಡಿ ಹೊರಟಿತು. ನನ್ನ ಪತ್ರವನ್ನು ಅವರ ಕೈಗೇ ಕೊಡಬೇಕೆಂದು ಚಕ್ಕಡಿಯ ಜೊತೆ ಹಳ್ಳದವರೆಗೆ ನಡೆದೆ. ಹಳ್ಳದ ದಂಡೆಯಲ್ಲಿ ಡಾಕ್ಟರರು ತಮ್ಮ ಗಡಿಯಾರ ತೆಗೆದು ನೋಡಿದರು. ಮೂರು ಗಂಟೆ ಹತ್ತು ನಿಮಿಷ. ಇಬ್ಬರೂ ಕಾದೆವು. ಎತ್ತುಗಳು ಬಾಲ ಬೀಸುತ್ತ ನಿಂತಿದ್ದವು. ಕಾಲು ಗಂಟೆಯಾಯಿತು, ನನಗೆ ಏನೂ ಆಗಲಿಲ್ಲ. “ತಡಾ ಆಗಿ ಬರಬಹುದು” ಎಂದು ಹೇಳಿ ಅವರು ಹಳ್ಳಕ್ಕಿಳಿದರು.

ನಾನು ತಿರುಗಿ ಬಂದಾಗ ಗಂಗವ್ವ ಹೊಸ್ತಿಲ ಮೇಲೆ ಕೂತಿದ್ದಳು. ಒಳಗೆ ನನ್ನ ಹೊರಸಿನ ಮೇಲೆ ಕೌದಿ ಹೊದಿಸಿತ್ತು. ತಲೆಯ ಕಡೆಗೆ ನನ್ನ ರುಮಾಲು. ನಾನು ಈ ಸಲ ಕೂಗಾಡಲಿಲ್ಲ.

“ಈಗ ಹೋಗೇತಿ. ಮುಟ್ಟು” ಎಂದಳು.

ಕೌದಿ ಸರಿಸಿ ಮುಟ್ಟಿದೆ. ಒನಕೆ ಬುಡದಿಂದ ತುದಿಯವರೆಗೆ ಒದ್ದೆಯಾಗಿತ್ತು. ಕೌದಿಯ ಒಳಮೈ ತೊಯ್ದಿತ್ತು. ಮೇಲಿನ ರುಮಾಲು ಒಣಗಿಯೇ ಇತ್ತು.

ಮಳೆಗಾಲದ ಮರ ತಂಪು ಹಿಡಿದಿರಬಹುದು. ಮುದುಕಿ ನೀರು ಚಿಮುಕಿಸಿರಬಹುದು. ಹಾಗೆಂದು ಅವಳನ್ನು ಕೇಳಿಯೂ ಕೇಳಿದೆ, ಅವಳು ಬೇಸರಪಡದೆ, “ಯಾಕ ಚಿಮಕಸಲಿ, ತಮ್ಮಾ?” ಎಂದಳು. ನನಗೆ ಆ ಜ್ವರ ಮುಂದೆ ಎಂದೂ ಬರಲಿಲ್ಲ. ಒಂದೇ ಸಲ ಬಂದು ಔಷಧವಿಲ್ಲದೆ ಹೋಗುವ ಚಳಿಜ್ವರವನ್ನು ತಾವು ನೋಡಿಲ್ಲವೆಂದು ಡಾಕ್ಟರರು ಆಮೇಲೆ ಒಪ್ಪಿಕೊಂಡರು. ಗಡಿಗೆಯ ಹುಳು ನಿಜ, ಕ್ವಿನೈನ್ ನಿಜ, ಮಕ್ಕಳ ಹೊಟ್ಟೆಯ ಗಡ್ಡೆ ನಿಜ. ಇವುಗಳ ಬಗ್ಗೆ ನನಗೆ ಎಳ್ಳಷ್ಟೂ ಸಂಶಯವಿಲ್ಲ. ಒದ್ದೆಯಾದ ಒನಕೆಯನ್ನು ಎಲ್ಲಿ ಇಡಬೇಕೋ ಇಂದಿಗೂ ತಿಳಿದಿಲ್ಲ.

ಆ ರವಿವಾರ ಸಂಜೆ ಸಾಹೇಬರನ್ನು ಮರಳಿ ಈರಪ್ಪನ ಮನೆಗೆ ತಂದೆವು. ಮೊದಲ ಮಂಗಳವಾರದ ಜ್ವರದಿಂದೀಚೆಗೆ ಅವರಾಗಲಿ ನಾನಾಗಲಿ ಒಂದು ರಾತ್ರಿಯೂ ಸರಿಯಾಗಿ ಕಣ್ಣು ಮುಚ್ಚಿರಲಿಲ್ಲ. ನಾನು ಎಂದಿನಂತೆ ನನ್ನ ಹೊರಸನ್ನು ಬಾಗಿಲ ಬಳಿಗೆ ಎಳೆದುಕೊಂಡೆ. ಸಾಹೇಬರು ಬೇಡವೆಂದು ಸನ್ನೆ ಮಾಡಿದರು. ತಾವೇ ಎದ್ದು, ಪರದೆಯ ಒಂದು ಬದಿಯ ಹುರಿ ಬಿಚ್ಚಿ, ಅದನ್ನು ಮಗ್ಗದ ಕಂಬದವರೆಗೆ ಎಳೆದು ಕಟ್ಟಿದರು. ಅದರೊಳಗೆ ಎರಡು ಹೊರಸಿಗೆ ಸಾಕಷ್ಟು ಜಾಗವಿತ್ತು. ಮೊದಲ ದಿನದಿಂದಲೂ ಇತ್ತು.

ಒಳಗೆ ಹೋಗಿ ಮಲಗಿದೆ. ಮರದ ಹೆಜ್ಜೆಗಳ ಸದ್ದು ಬರುತ್ತದೇನೋ ಎಂದು ಸ್ವಲ್ಪ ಹೊತ್ತು ಕಿವಿಗೊಟ್ಟೆ. ಮತ್ತೆ ಎಚ್ಚರವಾದಾಗ ಬಿಸಿಲು ಬಾಗಿಲೊಳಗೆ ಬಂದಿತ್ತು. ಸಾಹೇಬರು ಪಕ್ಕದಲ್ಲಿ ಗೊರಕೆ ಹೊಡೆಯುತ್ತಿದ್ದರು. ಗಡಿಗೆಯಿಲ್ಲದ ಒಣ ಕುಣಿಯಲ್ಲಿ ಕಾಲಿಟ್ಟು ಈರಪ್ಪ ಸದ್ದಾಗದಂತೆ ಹರಿದ ಎಳೆಗಳನ್ನು ಒಂದೊಂದಾಗಿ ಗಂಟು ಹಾಕುತ್ತಿದ್ದ.